ಸಾರಿಗೆ ವ್ಯವಸ್ಥೆಯಲ್ಲಿ ಪಿಎಚ್‌ಡಿ ಅಂದ್ರೆ ರಸ್ತೆ, ಡಾಂಬರಿನ ಕೆಲಸವಾ?

ಕೊಪ್ಪಳದವರು, ಸಿವಿಲ್‌ನಲ್ಲಿ ಎಂಟೆಕ್ ಆಗಿದೆ, ಈ ಪಿಎಚ್‌ಡಿಯಲ್ಲಿ ಏನು ಮಾಡಿಸುತ್ತಾರೆ, ನಮ್ಮ ಕಡೆ ವಿಷಯ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಗಂಗಾವತಿಯವನು, ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ.

ಡಾಂಬರು ಬೇರೆ ವಿಭಾಗ. ಇಲ್ಲಿ ನೋಡುವುದು ಜನರನ್ನು: ಯಾರು, ಎಲ್ಲಿಗೆ, ಯಾವಾಗ, ಯಾತರಲ್ಲಿ ಹೋಗುತ್ತಾರೆ. ಬಸ್ಸು, ರೈಲು, ಟಂಟಂ (ಶೇರ್ ಆಟೋ), ನಡಿಗೆ ಎಲ್ಲಾ ಸೇರಿ ಒಂದೇ ಪ್ರಯಾಣ. ಮೊದಲ ವರ್ಷ ಕೋರ್ಸ್‌ವರ್ಕ್. ಸಂಖ್ಯಾಶಾಸ್ತ್ರ ಜಾಸ್ತಿ, ಕಾಂಕ್ರೀಟು ಇಲ್ಲವೇ ಇಲ್ಲ. ಜನ ಒಂದು ವಾಹನ ಬಿಟ್ಟು ಇನ್ನೊಂದನ್ನು ಯಾಕೆ ಹತ್ತುತ್ತಾರೆ ಅನ್ನುವುದಕ್ಕೆ ಲೆಕ್ಕ ಕಟ್ಟಿದ ಡೇನಿಯಲ್ ಮೆಕ್‌ಫ್ಯಾಡನ್‌ಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಲೆಕ್ಕ ಕಲಿಯದೆ ಮುಂದೆ ಹೋಗೋಕಾಗಲ್ಲ. ಕಂಪ್ಯೂಟರಿನಲ್ಲಿ ಲೆಕ್ಕ ಮಾಡೋಕೆ ಪೈಥಾನ್ ಅಥವಾ ಆರ್ (R) ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಈಗಲೇ ಶುರು ಮಾಡಿ.

ನಿಜವಾದ ಪೇಚಾಟ ಇರುವುದು ಡೇಟಾದಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲೂ ಹೆಂಗಸರಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ. ಎಲ್ಲಿ ಹತ್ತಿದರು, ಎಲ್ಲಿಗೆ ಹೊರಟರು ಅನ್ನುವುದು ಮಷೀನಿನಲ್ಲಿ ಉಳಿಯುತ್ತದೆ. ಸಂಶೋಧಕರಿಗೆ ಇದಕ್ಕಿಂತ ಇನ್ನೇನು ಬೇಕು! ಆದರೆ ಕಾರಟಗಿಯಿಂದ ಬಂದ ಹೆಂಗಸು ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಟಂಟಂ ತುಂಬುವ ತನಕ ಕಾದು, ರೈಸ್‌ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾಳೆ. ಟಂಟಂಗೆ ಟಿಕೆಟ್ಟಿಲ್ಲ. ಡೇಟಾದಲ್ಲಿ ಆಕೆ ಬಸ್‌ಸ್ಟ್ಯಾಂಡಿಗೇ ಬಂದು ಸುಮ್ನೆ ನಿಂತಂತೆ!

ಹಾಗಾಗಿ ಮನೆಮನೆ ಸರ್ವೆ ಮಾಡಲೇಬೇಕು. ‘ನಿನ್ನೆ ಎಲ್ಲೆಲ್ಲಿಗೆ ಹೋಗಿದ್ರಿ?’ ಅಂದರೆ ‘ಎಲ್ಲೂ ಇಲ್ರೀ, ಮನ್ಯಾಗ ಇದ್ದೆ’ ಅನ್ನುತ್ತಾರೆ. ‘ಬೆಳಿಗ್ಗೆ ಎದ್ದು ಏನೇನು ಕೆಲಸ ಮಾಡಿದ್ರಿ?’ ಅಂತ ಕೇಳಿ ನೋಡಿ. ರೇಷನ್ ಅಂಗಡಿ, ಹೊಲ, ಮಗಳ ಶಾಲೆ ಎಲ್ಲಾ ಒಂದೊಂದಾಗಿ ಬರುತ್ತದೆ. ನಡೆದುಕೊಂಡು ಹೋಗಿದ್ದನ್ನು ಯಾರೂ ಪ್ರಯಾಣ ಅಂತ ಹೇಳುವುದಿಲ್ಲ, ಅಲ್ವಾ?

ಸೇರೋಕೆ ಬೆಂಗಳೂರಿನ ಐಐಎಸ್‌ಸಿ, ಐಐಟಿ ಬಾಂಬೆ, ಐಐಟಿ ಮದ್ರಾಸ್, ಸುರತ್ಕಲ್‌ನ ಎನ್‌ಐಟಿಕೆ ನೋಡಿ. ಗೇಟ್ (GATE) ಪರೀಕ್ಷೆಯ ಸ್ಕೋರ್ ಇಟ್ಟುಕೊಂಡಿರಿ. ಜೆಆರ್‌ಎಫ್, ಅಂದ್ರೆ ಸಂಶೋಧನಾ ವಿದ್ಯಾರ್ಥಿಗೆ ಕೊಡುವ ಫೆಲೋಶಿಪ್, 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ ಮೇಲೆ 42,000. ಗೈಡ್ ಹೇಗೆ ಅಂತ ಅವರ ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಕೇಳಿ. ವೆಬ್‌ಸೈಟಿನಲ್ಲಿ ಎಲ್ಲರೂ ದೇವರೇ.

ವಿಷಯಕ್ಕಂತೂ ಬೆಂಗಳೂರು ಮೆಟ್ರೋ ಹಿಂದೆ ಬೀಳಬೇಡಿ, ಅಲ್ಲಿ ಆಗಲೇ ಸಾಲು ದೊಡ್ಡದಿದೆ. ಗಿಣಿಗೇರಾ–ರಾಯಚೂರು ಮಾರ್ಗದಲ್ಲಿ 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಅಲ್ಲಿಂದ ಮುಂದೆ ರಾಯಚೂರಿಗೆ ಜನ ಈಗ ಹೇಗೆ ಓಡಾಡುತ್ತಾರೆ, ಎಷ್ಟು ಖರ್ಚು, ಎಷ್ಟು ಕಾಯುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಪೂರ್ತಿ ಮಾರ್ಗದಲ್ಲಿ ರೈಲು ಓಡಾಡಲು ಶುರುವಾದ ಮೇಲೆ ಮುಂಚಿನ ಲೆಕ್ಕ ಬೇಕು ಅಂದರೆ ಯಾರ ಹತ್ತಿರವೂ ಸಿಗುವುದಿಲ್ಲ. ಅರ್ಜಿಯ ಜೊತೆ ಕೊಡುವ ಪ್ರಸ್ತಾವನೆಯಲ್ಲಿ ಇದನ್ನೇ ಬರೆಯಿರಿ.