ನಿಜವೋ ಸುಳ್ಳೋ ಅಂತ ಕೇಳಿದ್ದೀರಿ

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಯೆರಿಕೋ ಬಗ್ಗೆ ನಾವು ಹಾಕಿದ್ದ ಪುಟ್ಟ ಟಿಪ್ಪಣಿ ನಿಮಗೆ ಬೇಜಾರು ತಂದಿದೆ. ಯೆಹೋಶುವನ ಮುಂದಾಳ್ತನದಲ್ಲಿ ಇಸ್ರಾಯೇಲ್ಯರು ಬಂದಾಗ ಆ ಊರಿನ ಗೋಡೆ ಬಿತ್ತು ಎಂದು ಬೈಬಲ್ ಹೇಳುತ್ತದೆ; ಅವನ ಕಾಲದಲ್ಲಿ ಅಲ್ಲಿ ಬೀಳಲು ಗೋಡೆಯೇ ಇರಲಿಲ್ಲ ಎಂದು ಬರೆದಿದ್ದೆವು. "ಅಗೆಯುವವರು ಮೊದಲು ಗೋಡೆ ಸಿಕ್ಕಿತು ಅಂದರು, ಆಮೇಲೆ ಇಲ್ಲ ಅಂದರು, ಇವರನ್ನು ನಂಬುವುದು ಹೇಗೆ?" ಎಂದು ಕೇಳಿದ್ದೀರಿ. ಲಂಡನ್ನಿನಲ್ಲಿರುವ ನಿಮ್ಮ ಮಗ ಎಲ್ಲಾ ಕಟ್ಟುಕಥೆ ಅಂತಾನಂತೆ. ಬೈಬಲಿನ ಚರಿತ್ರೆ ನಿಜವೋ ಸುಳ್ಳೋ, ಒಂದೇ ಮಾತಿನಲ್ಲಿ ಹೇಳಿ ಎಂದಿದ್ದೀರಿ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಅಂಥ ವಿಷಯವನ್ನು ಆರು ಸಾಲಿನಲ್ಲಿ ಮುಗಿಸಬಾರದಿತ್ತು. ಒಂದೇ ಮಾತಿನ ಉತ್ತರ ಮಾತ್ರ ನನ್ನ ಹತ್ತಿರ ಇಲ್ಲ.

1930ರ ದಶಕದಲ್ಲಿ ಪುರಾತತ್ತ್ವಜ್ಞ ಜಾನ್ ಗಾರ್‌ಸ್ಟಾಂಗ್ ಯೆರಿಕೋದಲ್ಲಿ ಅಗೆದಾಗ ಕುಸಿದ ಗೋಡೆ ಕಂಡದ್ದು ನಿಜ. ಗೋಡೆ ಇತ್ತು, ಬಿದ್ದೂ ಇತ್ತು. ಅದು ಯೆಹೋಶುವನ ಕಾಲದ್ದು ಎಂದರು, ಅವರು ತಪ್ಪಿದ್ದು ಆ ಕಾಲದ ಲೆಕ್ಕದಲ್ಲಿ. 1952ರಿಂದ 1958ರವರೆಗೆ ಅದೇ ದಿಬ್ಬ ಅಗೆದ ಕ್ಯಾಥ್ಲೀನ್ ಕೆನ್ಯನ್ ಅವರಿಗೆ ಆ ಗೋಡೆ ಸುಮಾರು ಸಾವಿರ ವರ್ಷ ಹೆಚ್ಚು ಹಳೆಯದು ಎಂದು ಗೊತ್ತಾಯಿತು. ಆಮೇಲೆ ಬೆಳೆದ ಊರೂ ಕ್ರಿ.ಪೂ. 1550ರ ಸುಮಾರಿಗೆ ನಾಶವಾಗಿತ್ತು. ಯೆಹೋಶುವನದು ಎಂದು ಸಾಮಾನ್ಯವಾಗಿ ಹೇಳುವ ಕ್ರಿ.ಪೂ. 13ನೇ ಶತಮಾನದಲ್ಲಿ ಅಲ್ಲಿ ಕೋಟೆ ಇದ್ದ ಊರಿನ ಗುರುತೇ ಸಿಗಲಿಲ್ಲ.

ಗಾರ್‌ಸ್ಟಾಂಗ್‌ಗೆ ತಿಳಿಯದ್ದು ಕೆನ್ಯನ್‌ಗೆ ಹೇಗೆ ತಿಳಿಯಿತು? ಅವರು ಗೋಡೆಯ ಬೆನ್ನು ಹತ್ತಿ ಅಗೆಯಲಿಲ್ಲ. ಗುಂಡಿ ತೋಡಿ, ಅದರ ಪಕ್ಕದ ಮಣ್ಣನ್ನು ನೆಟ್ಟಗೆ ಕತ್ತರಿಸಿ ನಿಲ್ಲಿಸಿ, ಅಲ್ಲಿ ಕಾಣುವ ಪಟ್ಟೆಗಳನ್ನು ಓದಿದರು. ಯಾವ ಬೂದಿ ಯಾವ ನೆಲದ ಮೇಲಿದೆ, ಯಾವ ಮಡಕೆ ಚೂರು ಯಾವ ಪಟ್ಟೆಯಲ್ಲಿದೆ ಅಂತ. ಈ ಕೆಲಸವನ್ನು ಅವರು ಇಂಗ್ಲೆಂಡಿನಲ್ಲಿ ಕಲಿತದ್ದು ಮಾರ್ಟಿಮರ್ ವ್ಹೀಲರ್ ಹತ್ತಿರ. ನಮ್ಮ ಮೊಳಕಾಲ್ಮೂರು ಹತ್ತಿರದ ಬ್ರಹ್ಮಗಿರಿಯನ್ನು 1947ರಲ್ಲಿ ಅಗೆದರಲ್ಲ, ಅದೇ ವ್ಹೀಲರ್. ಚಿತ್ರದುರ್ಗದ ಕಡೆಯವರು ಈ ಮಾತಿಗೆ ಸ್ವಲ್ಪ ಬೀಗಿದರೆ ನನ್ನ ಅಡ್ಡಿಯಿಲ್ಲ.

ಹಾಗಾಗಿ ಮಾತು ಬದಲಿಸಿದರು ಅಂತ ಅವರ ಮೇಲೆ ಸಿಟ್ಟಾಗಬೇಡಿ. ಮಾತು ಬದಲಾಗುವುದಕ್ಕೆ ದಾರಿ ಇರುವುದರಿಂದಲೇ ನಾನು ಅವರನ್ನು ನಂಬುವುದು.

ಈಗ ಲಾಕೀಷ್‌ಗೆ ಬರೋಣ. ನನಗೆ ಯೆರಿಕೋಗಿಂತ ಈ ಊರು ಜಾಸ್ತಿ ಇಷ್ಟ. ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯದಲ್ಲಿ, ಆ ಊರಿನ ನೈಋತ್ಯಕ್ಕಿದ್ದ ದೊಡ್ಡ ಕೋಟೆ ಊರು ಇದು. ಕ್ರಿ.ಪೂ. 701ರಲ್ಲಿ ಅಶ್ಶೂರದ (ಈಗಿನ ಇರಾಕ್ ಕಡೆಯ ಸಾಮ್ರಾಜ್ಯ) ಅರಸ ಸನ್ಹೇರೀಬ ದಂಡೆತ್ತಿ ಬಂದ. ಆಗ ಯೆಹೂದದ ಅರಸ ಹಿಜ್ಕೀಯ. ಬೈಬಲಿನ ಅರಸುಗಳ ಎರಡನೆಯ ಪುಸ್ತಕದಲ್ಲಿ ಈ ಕಥೆ ಇದೆ. ಸನ್ಹೇರೀಬನೂ ತನ್ನ ಕಡೆಯ ಕಥೆಯನ್ನು ಆರು ಮುಖದ ಜೇಡಿಮಣ್ಣಿನ ಗಟ್ಟಿಯ ಮೇಲೆ ಬರೆಸಿಟ್ಟಿದ್ದಾನೆ. ಸೋತವರ ಮಾತು, ಗೆದ್ದವನ ಮಾತು ಎರಡೂ ಉಳಿಯುವುದು ಅಪರೂಪ ಅಲ್ವಾ?

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಿಜ್ಕೀಯ ಕಪ್ಪ ಕೊಟ್ಟ ಅನ್ನುವುದಕ್ಕೆ ಇಬ್ಬರದೂ ಒಪ್ಪಿಗೆ. ಬಂಗಾರ 30 ತಲಾಂತು (ಆಗಿನ ಒಂದು ತೂಕ) ಅನ್ನುವುದಕ್ಕೂ ಒಪ್ಪಿಗೆ. ಬೆಳ್ಳಿಗೆ ಬಂದರೆ ಬೈಬಲ್ 300 ಅನ್ನುತ್ತದೆ, ಸನ್ಹೇರೀಬ 800 ಅನ್ನುತ್ತಾನೆ. ನಮ್ಮೂರ ಸಾಲದ ಜಗಳದಲ್ಲಿ ಕೊಟ್ಟವನ ಲೆಕ್ಕ ಜಾಸ್ತಿ ಇರುತ್ತದೆ, ಇಲ್ಲಿ ಇಸ್ಕೊಂಡವನದು! ಕೋಟೆ ಕಟ್ಟಿದ 46 ಊರು ಹಿಡಿದೆ, ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಎಂದು ಅವನು ಕೊಚ್ಚಿಕೊಳ್ಳುತ್ತಾನೆ. ಆದರೆ ಯೆರೂಸಲೇಮ್ ಹಿಡಿದೆ ಅನ್ನುವುದಿಲ್ಲ. ಬೈಬಲಿನಲ್ಲಿ ಯೆಹೋವನ ದೂತ ಒಂದೇ ರಾತ್ರಿ 1,85,000 ಜನರನ್ನು ಕೊಂದ, ಸನ್ಹೇರೀಬ ತನ್ನ ರಾಜಧಾನಿ ನಿನೆವೆಗೆ ವಾಪಸು ಹೋದ ಎಂದಿದೆ. ದೂತನ ಬಗ್ಗೆ ಮಣ್ಣು ಏನೂ ಹೇಳಲಾರದು. ಅದು ನಂಬಿಕೆಯವರಿಗೆ ಬಿಟ್ಟದ್ದು. ವಾಪಸು ಹೋದ, ಊರು ಉಳಿಯಿತು ಅನ್ನುವುದಕ್ಕೆ ಮಾತ್ರ ಅವನ ಬಡಾಯಿಯೊಳಗಿನ ಮೌನವೇ ಸಾಕ್ಷಿ.

ಇನ್ನೊಂದು ವಿಷಯ. ಅವನು ವಾಪಸು ಹೋದ ಮರುವಾಕ್ಯದಲ್ಲೇ ಮಕ್ಕಳು ಅವನನ್ನು ಕೊಂದರು ಎಂದು ಬೈಬಲ್ ಹೇಳುತ್ತದೆ. ಓದಿದರೆ ಮರುವಾರವೇ ಆದ ಹಾಗಿದೆ. ಕೊಲೆ ಆದದ್ದು ನಿಜ. ಬಾಬಿಲೋನಿನ ದಾಖಲೆಯೂ ಮಗನೇ ಕೊಂದ ಅನ್ನುತ್ತದೆ. ಆದರೆ ಅದು ಕ್ರಿ.ಪೂ. 681ರಲ್ಲಿ, ಅಂದರೆ 20 ವರ್ಷ ಕಳೆದ ಮೇಲೆ. ಬರೆದವರು ಸುಳ್ಳು ಹೇಳಲಿಲ್ಲ, ನಡುವಿನ 20 ವರ್ಷ ಅವರಿಗೆ ಬೇಕಿರಲಿಲ್ಲ. ನಿಮ್ಮ "ನಿಜವೋ ಸುಳ್ಳೋ"ದಲ್ಲಿ ಇದನ್ನು ಯಾವ ಕಡೆ ಹಾಕುತ್ತೀರಿ?

ವಿಚಿತ್ರ ಎಂದರೆ ಆ ಮಣ್ಣಿನ ಗಟ್ಟಿಯಲ್ಲಿ ಲಾಕೀಷ್ ಹೆಸರೇ ಇಲ್ಲ. ಬೈಬಲ್ ಕೂಡ ಸನ್ಹೇರೀಬ ಅಲ್ಲಿ ಬೀಡುಬಿಟ್ಟಿದ್ದ ಅನ್ನುತ್ತದೆ, ಆ ಊರು ಏನಾಯಿತು ಅಂತ ಬಿಡಿಸಿ ಹೇಳುವುದಿಲ್ಲ. ಆದರೆ 1840ರ ದಶಕದಲ್ಲಿ ಆಸ್ಟಿನ್ ಹೆನ್ರಿ ಲೇಯಾರ್ಡ್ ನಿನೆವೆಯ ಅರಮನೆ ಅಗೆದಾಗ ಒಂದು ಇಡೀ ಕೋಣೆಯ ಗೋಡೆಗಳ ತುಂಬ ಲಾಕೀಷ್ ಮುತ್ತಿಗೆಯ ಕೆತ್ತನೆ ಸಿಕ್ಕಿತು. ಯೆರೂಸಲೇಮ್ ಕೈಗೆ ಸಿಕ್ಕಿದ್ದರೆ ಆ ಗೋಡೆಗಳ ಮೇಲೆ ಅದೇ ಇರುತ್ತಿತ್ತು ಅಂತ ನನ್ನ ಅನಿಸಿಕೆ.

ಲಾಕೀಷ್ ಊರಿನ ದಿಬ್ಬದಲ್ಲಿ ಸುಟ್ಟ ಪದರ ಎರಡು ಸಿಕ್ಕವು. ಮೇಲಿನದು ಬಾಬಿಲೋನಿನವರು ಸುಟ್ಟದ್ದು, ಕ್ರಿ.ಪೂ. 586ರ ಆಸುಪಾಸಿನದು. ಕೆಳಗಿನದು ಯಾರದು ಅಂತ ದಶಕಗಟ್ಟಲೆ ಜಗಳ. 1930ರ ದಶಕದಲ್ಲಿ ಅಲ್ಲಿ ಅಗೆದ ತಂಡದಲ್ಲಿದ್ದ ಆಲ್ಗಾ ಟಫ್ನೆಲ್ ಅದು ಸನ್ಹೇರೀಬನ ಕಾಲದ್ದೇ ಎಂದರು, ದೊಡ್ಡ ದೊಡ್ಡವರು ಒಪ್ಪಲಿಲ್ಲ. 1970ರ ದಶಕದಲ್ಲಿ ಡೇವಿಡ್ ಉಸ್ಸಿಶ್ಕಿನ್ ತಂಡ ಮತ್ತೆ ಅಗೆಯಿತು. ಎರಡು ಪದರಗಳ ಮಡಕೆಗಳು ಸ್ಪಷ್ಟವಾಗಿ ಬೇರೆ ಬೇರೆ ಎಂದು ಕಂಡಿತು, ನಡುವೆ ಬಹಳ ಕಾಲ ಕಳೆದಿರಬೇಕು. ಟಫ್ನೆಲ್ ಗೆದ್ದರು. ಊರಿನ ನೈಋತ್ಯ ಮೂಲೆಯಲ್ಲಿ ಸೈನ್ಯ ಕೋಟೆ ಹತ್ತಲು ಕಲ್ಲು ಸುರಿದು ಮಾಡಿದ ಇಳಿಜಾರು ಇವತ್ತಿಗೂ ಇದೆ. ಅಲ್ಲಿ ಕಬ್ಬಿಣದ ಬಾಣದ ಮೊನೆಗಳು ನೂರಾರು ಸಿಕ್ಕವು, ಕವಣೆ ಕಲ್ಲುಗಳೂ. ಒಳಗಿನವರು ಗಡಿಬಿಡಿಯಲ್ಲಿ ಗೋಡೆಯ ಹಿಂದೆ ಪೇರಿಸಿದ ಮಣ್ಣಿನ ದಿಬ್ಬವೂ ಸಿಕ್ಕಿತು. ಅದರ ಸುದ್ದಿ ಗೆದ್ದವನೂ ಬರೆದಿಲ್ಲ, ಸೋತವರೂ ಬರೆದಿಲ್ಲ.

ನಿಮ್ಮ ಪತ್ರಕ್ಕೆ ನನ್ನ ಉತ್ತರ ಇಲ್ಲಿದೆ. ಅಗೆಯುವವರು ಗ್ರಂಥಕ್ಕೆ ಪಾಸು ಫೇಲು ಹಾಕುವ ಮೇಷ್ಟ್ರಲ್ಲ. ಯಾರು, ಯಾವಾಗ, ಯಾಕೆ ಹೀಗೆ ಬರೆದರು ಅಂತ ಕೇಳುವುದಕ್ಕೆ ಅವರು ದಾರಿ ಮಾಡಿಕೊಡುತ್ತಾರೆ. ಯೆರಿಕೋದಲ್ಲೂ ನಾವು ಕೇಳಬೇಕಿದ್ದದ್ದು ಅದನ್ನೇ. ಗೋಡೆ ಇಲ್ಲದ ಊರಿನ ಬಗ್ಗೆ ಗೋಡೆ ಬಿದ್ದ ಕಥೆ ಯಾರಿಗೆ ಬೇಕಿತ್ತು? ಹಳೇ ಹಾಳು ದಿಬ್ಬ ನೋಡಿ ಮುಂದಿನವರು ಕಟ್ಟಿದ್ದಿರಬಹುದೇ? ಅದನ್ನು ಬಿಟ್ಟು ಸುಮ್ನೆ "ಇರಲಿಲ್ಲ" ಎಂದು ಮುಗಿಸಿದೆವು.

ನಿಮ್ಮ ಮಗನಿಗೂ ಒಂದು ಮಾತು. ಲಾಕೀಷಿನ ಬಾಗಿಲ ಕೋಣೆಯಲ್ಲಿ 1935ರಲ್ಲಿ ಮಡಕೆ ಚೂರಿನ ಮೇಲೆ ಮಸಿಯಲ್ಲಿ ಬರೆದ ಪತ್ರಗಳು ಸಿಕ್ಕವು, ಮೇಲಿನ ಪದರದವು. ಒಂದರಲ್ಲಿ ಒಬ್ಬ ತನ್ನ ಮೇಲಿನವನಿಗೆ ಬರೆಯುತ್ತಾನೆ: ಲಾಕೀಷಿನ ಬೆಂಕಿಯ ಸನ್ನೆಗೆ ಕಾಯುತ್ತಿದ್ದೇವೆ, ಅಜೇಕ ನಮಗೆ ಕಾಣುತ್ತಿಲ್ಲ. ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕ ತೆಗೆದರೆ, ಯೆಹೂದದಲ್ಲಿ ಯೆರೂಸಲೇಮ್ ಬಿಟ್ಟರೆ ಕೊನೆಗೆ ಉಳಿದಿದ್ದ ಕೋಟೆಗಳು ಲಾಕೀಷ್ ಮತ್ತು ಅಜೇಕ ಎಂದಿದೆ. ಎಲ್ಲಾ ಕಟ್ಟುಕಥೆ ಅನ್ನುವುದು ಅಷ್ಟು ಸುಲಭ ಅಲ್ಲ.

ನಿನೆವೆಯ ಕೆತ್ತನೆಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ನೋಡಲು ದುಡ್ಡು ಕೊಡಬೇಕಿಲ್ಲ. ರಜೆ ದಿನ ಹೋಗಿ ಬರಲು ಹೇಳಿ. ಕೋಟೆ ಗುದ್ದುವ ಬಂಡಿಯ ಮೇಲೆ ನಿಂತ ಸೈನಿಕನನ್ನು ಹುಡುಕಲಿ. ಮೇಲಿನಿಂದ ಉರಿಯುವ ಪಂಜು ಬೀಳುತ್ತಿದ್ದರೆ ಅವನು ಉದ್ದನೆಯ ಸೌಟಿನಿಂದ ಬಂಡಿಗೆ ನೀರು ಹೊಯ್ಯುತ್ತಿದ್ದಾನೆ.

ಸಂಪಾದಕ