ಪೇಂಟ್‌ಬಾಲ್ ಮಾರ್ಕರ್‌ಗೆ ರೆಗ್ಯುಲೇಟರ್ ಬೇಕಾ? ಮೊದಲು ಸಿಲಿಂಡರ್‌ನಲ್ಲಿ ಏನಿದೆ ಹೇಳಿ

ಮಾರ್ಕರ್ ಅಂದರೆ ಗ್ಯಾಸ್ ಒತ್ತಡದಿಂದ ಬಣ್ಣದ ಗುಂಡು ಹಾರಿಸುವ ಬಂದೂಕು; ಆ ಒತ್ತಡವನ್ನು ಹಿಡಿದಿಡುವುದು ರೆಗ್ಯುಲೇಟರ್. ಬಿಸಿಲು ಏರಿದ ಹಾಗೆ ನನಗೆ ಬರುವ ರೆಗ್ಯುಲೇಟರ್ ಪ್ರಶ್ನೆಗಳೂ ಏರುತ್ತವೆ. ಯಾವ ಗ್ಯಾಸ್ ಅಂತ ಯಾರೂ ಬರೆಯುವುದಿಲ್ಲ. ಅದನ್ನು ಬಿಟ್ಟು ಉತ್ತರ ಕೊಡುವುದಾದರೂ ಹೇಗೆ?

ಪ್ರಶ್ನೆ: ದಾವಣಗೆರೆ ಹೊರಗೆ ಸಣ್ಣ ಪೇಂಟ್‌ಬಾಲ್ ಮೈದಾನ ನಡೆಸುತ್ತೇನೆ. ಹತ್ತು ಹಳೆಯ ಬ್ಲೋಬ್ಯಾಕ್ ಮಾರ್ಕರ್ (ಗ್ಯಾಸ್‌ನ ಬಲದಿಂದಲೇ ಮುಂದಿನ ಏಟಿಗೆ ಸಜ್ಜಾಗುವಂಥವು) ಇವೆ. ಬೆಳಿಗ್ಗೆ ಸರಿಯಾಗಿರುತ್ತವೆ, ಮಧ್ಯಾಹ್ನ ಏಟು ಜಾಸ್ತಿ ಜೋರು. ಎಲ್ಲಕ್ಕೂ ರೆಗ್ಯುಲೇಟರ್ ಹಾಕಿಸಲೇ?

ನಿಮ್ಮದು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಲಕ್ಷಣ ಓದಿದರೇ ಗೊತ್ತಾಗುತ್ತದೆ. ಅದರೊಳಗೆ ಇರುವುದು ಬರೀ ಗ್ಯಾಸ್ ಅಲ್ಲ, ದ್ರವವೂ ಇದೆ. ಹಾಗಾಗಿ ಒತ್ತಡ ಬಿಸಿಯ ಜೊತೆಗೇ ಏರಿಳಿಯುತ್ತದೆ. 20 ಡಿಗ್ರಿಯಲ್ಲಿ ಸುಮಾರು 830 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಪೌಂಡ್), 30 ಡಿಗ್ರಿಯಲ್ಲಿ 1,040 ದಾಟುತ್ತದೆ. 31 ಡಿಗ್ರಿ ಮೀರಿದರೆ ದ್ರವ, ಗ್ಯಾಸ್ ಎಂಬ ವ್ಯತ್ಯಾಸವೇ ಉಳಿಯುವುದಿಲ್ಲ. ಆಮೇಲೆ ಎಷ್ಟು ತುಂಬಿಸಿದ್ದೀರಿ ಅನ್ನುವುದರ ಮೇಲೆ ಒತ್ತಡ ಇನ್ನೂ ಏರುತ್ತದೆ. ನಮ್ಮ ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಒಂದು ಮೈದಾನದಲ್ಲಿ ಬೆಳಿಗ್ಗೆ 275 ಅಡಿ ವೇಗಕ್ಕೆ ನಾನೇ ಹೊಂದಿಸಿದ್ದ ಮಾರ್ಕರ್, ಊಟದ ಹೊತ್ತಿಗೆ ಸೆಕೆಂಡಿಗೆ 320 ಅಡಿ ತೋರಿಸಿತು. ಮಾರ್ಕರ್ ಅದೇ, ಸ್ಕ್ರೂ ಅದೇ. ಸಿಲಿಂಡರ್ ಮಾತ್ರ ಬಿಸಿಲಿಗೆ ಬಿದ್ದಿತ್ತು. ಆಟ ನಿಲ್ಲಿಸಿದೆ.

ಹಾಗಾದರೆ ರೆಗ್ಯುಲೇಟರ್ ಸರಿಮಾಡುವುದಿಲ್ಲವೇ? ಅರ್ಧ ಮಾತ್ರ. ಒಳಗಿನ ಸ್ಪ್ರಿಂಗ್ ಮತ್ತು ಪಿಸ್ಟನ್ ಗ್ಯಾಸ್ ಒತ್ತಡವನ್ನು ಹಿಡಿದಿಡುತ್ತವೆ. ಆದರೆ ಸಿಲಿಂಡರ್ ಅಲುಗಿ ದ್ರವವೇ ಒಳಗೆ ನುಗ್ಗಿದರೆ, ರೆಗ್ಯುಲೇಟರ್ ದಾಟಿದ ಮೇಲೆ ಅದು ಆವಿಯಾಗಿ ಅಲ್ಲೇ ಒತ್ತಡ ಏರಿಸುತ್ತದೆ. ಬಿಳಿ ಹೊಗೆ ಬಂದು ಮಾರ್ಕರ್ ಮೇಲೆ ಹಿಮ ಕೂರುವುದು ಇದಕ್ಕೇ. ಗ್ಯಾಸ್ ಸೋರದಂತೆ ಹಿಡಿಯುವ ರಬ್ಬರ್ ಬಳೆಗಳು, ಅಂದರೆ ಒ-ರಿಂಗ್‌ಗಳು, ಹಾಳಾಗುತ್ತವೆ. ಬಿಡದೆ ಹೊಡೆಯುತ್ತಾ ಹೋದರೆ ಸಿಲಿಂಡರ್ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಆಗ ಗುಂಡು ಅಷ್ಟು ದೂರ ಹೋಗುವುದಿಲ್ಲ. ಇಳಿದ ಒತ್ತಡವನ್ನು ಯಾವ ರೆಗ್ಯುಲೇಟರೂ ಏರಿಸಲಾರದು.

ಆದ್ದರಿಂದ ಹತ್ತು ರೆಗ್ಯುಲೇಟರ್‌ಗೆ ಸುರಿಯುವ ದುಡ್ಡನ್ನು ಗಾಳಿ ಸಿಲಿಂಡರ್‌ಗೆ ಹಾಕಿ. 3,000 ಪಿಎಸ್‌ಐ ತುಂಬಿದರೂ ಅದರ ತಲೆಯಲ್ಲೇ ಇರುವ ರೆಗ್ಯುಲೇಟರ್ ಸುಮಾರು 800ಕ್ಕೆ ಇಳಿಸಿಕೊಡುತ್ತದೆ. ಬ್ಲೋಬ್ಯಾಕ್‌ಗೆ ಅಷ್ಟು ಸಾಕು, ಇನ್ನೊಂದು ಬೇಡ. ಪಂಕ್ಚರ್ ಅಂಗಡಿ ಕಂಪ್ರೆಸರ್‌ನಿಂದ ಇದು ತುಂಬುವುದಿಲ್ಲ, ಆ ಹುಚ್ಚು ಬೇಡ. ಇದಕ್ಕೆ ಸ್ಕೂಬಾ ಬಾಟಲಿ ತುಂಬುವಂಥ ಹೈ ಪ್ರೆಶರ್ ಕಂಪ್ರೆಸರ್ ಬೇಕು. ಅದನ್ನು ಹೊಂದಿಸಲು ಆಗದಿದ್ದರೆ ದ್ರವ ಮಾರ್ಕರ್‌ಗೆ ನುಗ್ಗದಂತೆ ತಡೆಯುವ ಆಂಟಿ-ಸೈಫನ್ ಟ್ಯೂಬನ್ನು ಸಿಲಿಂಡರ್‌ಗೆ ಹಾಕಿಸಿ, ಸಿಲಿಂಡರ್ ನೆರಳಲ್ಲಿಡಿ, ಪ್ರತಿ ಆಟಕ್ಕೂ ಮುನ್ನ ಕ್ರೋನೋಗ್ರಾಫ್‌ನಲ್ಲಿ ವೇಗ ನೋಡಿ. 280 ಅಡಿ ದಾಟಿದ ಮಾರ್ಕರ್ ಮೈದಾನಕ್ಕೆ ಇಳಿಯಬಾರದು. ಏಪ್ರಿಲ್, ಮೇ ಮಧ್ಯಾಹ್ನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಆಟವನ್ನೇ ಆಡಿಸಬೇಡಿ. ಇದು ನನ್ನ ಹಟ ಅನ್ನಿ ಬೇಕಾದರೆ.

ಪ್ರಶ್ನೆ: ಅಡುಗೆ ಗ್ಯಾಸ್ ರೆಗ್ಯುಲೇಟರ್ ಕೂರಿಸಿಕೊಡುತ್ತೇನೆ ಅಂತ ಹರಿಹರದಲ್ಲಿ ಒಬ್ಬ ವೆಲ್ಡಿಂಗ್‌ನವನು ಹೇಳಿದ್ದಾನೆ. ಹಾಕಿಸಬಹುದಾ?

ಅವನ ಕೈಗೆ ಮಾರ್ಕರ್ ಕೊಡಲೇಬೇಡಿ. ಅಡುಗೆ ಗ್ಯಾಸ್ ಸಿಲಿಂಡರ್‌ನ ಒತ್ತಡ ಇದರ ಹತ್ತಿರಕ್ಕೂ ಬರುವುದಿಲ್ಲ. ಆ ರೆಗ್ಯುಲೇಟರ್ ನಿಮ್ಮ ಮುಖದ ಮುಂದೆಯೇ ಸಿಡಿಯುತ್ತದೆ.

ಪ್ರಶ್ನೆ: ಆಕ್ಸಿಜನ್ ತುಂಬಿಸಬಹುದಾ?

ಎಣ್ಣೆ ತಾಗಿದ ಮಾರ್ಕರ್‌ಗೆ ಹೈ ಪ್ರೆಶರ್ ಆಕ್ಸಿಜನ್ ಸೇರಿದರೆ ಬೆಂಕಿ ಹತ್ತುತ್ತದೆ. ಬೇಡ.

ಪ್ರಶ್ನೆ: ನನ್ನದು ಎಲೆಕ್ಟ್ರಾನಿಕ್ ಮಾರ್ಕರ್. ರೆಗ್ಯುಲೇಟರ್ ಬೇಕಾ? (ಚಿತ್ರದುರ್ಗದ ಕಾಲೇಜು ಹುಡುಗ)

ಸಾಮಾನ್ಯವಾಗಿ ಒಳಗೇ ಇರುತ್ತದೆ ತಮ್ಮಾ. ಗಾಳಿ ಮಾತ್ರ ಹಾಕು. ಕಾರ್ಬನ್ ಡೈಆಕ್ಸೈಡ್ ಹಾಕಿದರೆ ಸೊಲೆನಾಯ್ಡ್ (ಗ್ಯಾಸ್ ಬಿಡುವ ವಿದ್ಯುತ್ ವಾಲ್ವ್) ಹಾಳಾಗಬಹುದು.

ಪ್ರಶ್ನೆ: ಸಿಲಿಂಡರ್ ಬಿಚ್ಚುವಾಗ ವಾಲ್ವ್ ಕೂಡ ಸ್ವಲ್ಪ ತಿರುಗಿದಂತೆ ಕಾಣಿಸಿತು. ಪರವಾಗಿಲ್ವಾ?

ಇದನ್ನೇ ನೀವು ಮೊದಲು ಕೇಳಬೇಕಿತ್ತು. ವಾಲ್ವ್ ಮಾರ್ಕರ್‌ನಲ್ಲೇ ಉಳಿದು ಬಾಟಲಿ ಕಳಚಿದರೆ ಅದು ಬಾಣದಂತೆ ಹಾರುತ್ತದೆ. ಹೀಗೆ ಜನ ಸತ್ತಿದ್ದಾರೆ. ಇನ್ನು ಒಂದು ಸುತ್ತೂ ತಿರುಗಿಸಬೇಡಿ. ಮಾರ್ಕರ್‌ನಿಂದ ಬಿಡಿಸುವ ಗೋಜಿಗೆ ಹೋಗದೆ, ಜನರಿಂದ ದೂರ ಇಟ್ಟು, ಸಿಲಿಂಡರ್ ಕೆಲಸ ಬಲ್ಲವರನ್ನು ಕರೆಸಿ. ಉಳಿದ ಸಿಲಿಂಡರ್‌ಗಳಿಗೆ ವಾಲ್ವ್ ಮತ್ತು ಬಾಟಲಿ ಸೇರುವಲ್ಲಿ ನೈಲ್ ಪಾಲಿಶ್‌ನಿಂದ ಒಂದು ಗೆರೆ ಎಳೆಯಿರಿ. ಗೆರೆ ಮುರಿದದ್ದು ಕಂಡ ಸಿಲಿಂಡರನ್ನು ಮುಟ್ಟಬೇಡಿ.