ಮಧ್ಯಾಹ್ನ 1:40ಕ್ಕೆ ಬಂದ ಸ್ಪೇಸ್ ಸ್ಟೇಷನ್

ಪ್ರಶ್ನೆ: ಪೈಥಾನ್‌ನಲ್ಲಿ ಆಕಾಶಕಾಯಗಳ ಸ್ಥಾನ ಲೆಕ್ಕ ಹಾಕುವ ಸ್ಕೈಫೀಲ್ಡ್ ಲೈಬ್ರರಿ ಹಾಕಿಕೊಂಡು, ಐಎಸ್‌ಎಸ್ (ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ) ನಮ್ಮೂರ ಮೇಲೆ ಯಾವಾಗ ಹಾಯುತ್ತದೆ ಅಂತ ಲೆಕ್ಕ ಹಾಕಿದೆ. 13:40ಕ್ಕೆ, ದಿಗಂತದಿಂದ 64 ಡಿಗ್ರಿ ಎತ್ತರದಲ್ಲಿ ಅಂತ ಬಂತು. ಬಿಸಿಲಲ್ಲಿ ಟೆರೇಸ್ ಮೇಲೆ ನಿಂತು ಕತ್ತು ನೋವು ಬಂದಿದ್ದೇ ಲಾಭ. ಗೆಳೆಯನ ಆ್ಯಪ್ ಸಂಜೆ 7:10 ಅನ್ನುತ್ತಿದೆ. ಲೈಬ್ರರಿಯಲ್ಲೇ ತಪ್ಪಿದೆಯಾ?
– ಓದುಗರು, ಹುಬ್ಬಳ್ಳಿ

ಉತ್ತರ: ಲೈಬ್ರರಿಗೆ ಸುಮ್ನೆ ಬೈಬೇಡಿ. 13:40ಕ್ಕೆ ಐದೂವರೆ ಗಂಟೆ ಕೂಡಿಸಿ, 19:10 ಆಯಿತಲ್ವಾ? ಸ್ಕೈಫೀಲ್ಡ್ ಕೊಟ್ಟಿದ್ದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ನೀವು ಓದಿಕೊಂಡಿದ್ದು ನಮ್ಮ ಗಡಿಯಾರದ ಸಮಯ. ಪ್ರಿಂಟ್ ಮಾಡುವ ಮುಂಚೆ ಸಮಯ ಬದಲಿಸಿಕೊಡುವ ಆಸ್‌ಟೈಮ್‌ಝೋನ್‌ಗೆ ನಮ್ಮ ಸಮಯ ವಲಯವಾದ ಏಷ್ಯಾ/ಕೋಲ್ಕತಾ ಕೊಡಿ. ಹುಡುಕಾಟ ಶುರುವಾಗುವ ಸಮಯವನ್ನೂ ನೋಡಿಕೊಳ್ಳಿ, ಯುಟಿಸಿ ಸೊನ್ನೆ ಗಂಟೆ ಅಂದರೆ ನಮಗೆ ಆಗಲೇ ಬೆಳಗಿನ 5:30, ಹಾಗಾಗಿ ನಸುಕಿನ 5 ಗಂಟೆಗೆ ಹಾದುಹೋಗಿದ್ದು ನಿಮ್ಮ ಪಟ್ಟಿಯಲ್ಲಿ ಹಿಂದಿನ ದಿನಕ್ಕೆ ಸೇರಿಬಿಡುತ್ತದೆ.

ಇಷ್ಟು ಮಾಡಿದರೂ ಪಟ್ಟಿಯಲ್ಲಿ ಇರೋದೆಲ್ಲ ಕಣ್ಣಿಗೆ ಕಾಣುವುದಿಲ್ಲ. ಪಟ್ಟಿ ಮಾಡಿಕೊಡುವ ಫೈಂಡ್_ಇವೆಂಟ್ಸ್ ನೋಡುವುದು ಉಪಗ್ರಹ ನೀವು ಹೇಳಿದ ಎತ್ತರ ದಾಟಿತೋ ಇಲ್ಲವೋ ಅಂತ ಮಾತ್ರ. ಹಗಲೋ ರಾತ್ರಿಯೋ ಅದಕ್ಕೆ ಬೇಕಾಗಿಲ್ಲ. ಐಎಸ್‌ಎಸ್‌ಗೆ ಸ್ವಂತ ಬೆಳಕಿಲ್ಲ, ಅದರ ಮೇಲೆ ಬಿಸಿಲು ಬಿದ್ದಿರಬೇಕು, ನಮ್ಮ ಕಡೆ ಕತ್ತಲಾಗಿರಬೇಕು. ಅದಕ್ಕೇ ಮುಸ್ಸಂಜೆ, ನಸುಕಿನಲ್ಲೇ ಜಾಸ್ತಿ ಕಾಣೋದು. ಕೋಡ್‌ನಲ್ಲಿ ಎರಡು ಪರೀಕ್ಷೆ ಸೇರಿಸಿ: ಈಸ್_ಸನ್‌ಲಿಟ್ (ಉಪಗ್ರಹದ ಮೇಲೆ ಬಿಸಿಲಿದೆಯಾ ಅನ್ನುವುದು) ಟ್ರೂ ಬರಬೇಕು, ನಿಮ್ಮ ಊರಿಂದ ಸೂರ್ಯನ ಎತ್ತರ ಮೈನಸ್ 6 ಡಿಗ್ರಿಗಿಂತ ಕೆಳಗಿರಬೇಕು. ಎರಡಕ್ಕೂ ಸೂರ್ಯ, ಗ್ರಹಗಳ ಸ್ಥಾನದ ಮಾಹಿತಿ ಇರುವ ಡಿಇ421ನಂಥ ಫೈಲ್ ಬೇಕು. ಅತಿ ಎತ್ತರದ ಕ್ಷಣ ಒಂದನ್ನೇ ನೋಡಿ ಬಿಟ್ಟುಬಿಡಬೇಡಿ, ನೆತ್ತಿ ದಾಟಿದ ಮೇಲೆ ಭೂಮಿಯ ನೆರಳಿಗೆ ಹೊಕ್ಕು ನಡು ಆಕಾಶದಲ್ಲೇ ಮಾಯವಾಗುವುದುಂಟು. ಹತ್ತತ್ತು ಸೆಕೆಂಡಿಗೆ ಒಮ್ಮೆ ಪರೀಕ್ಷಿಸಿ.

ಪ್ರಶ್ನೆ: ನನಗೆ ಐಎಸ್‌ಎಸ್ ಪಟ್ಟಿ ಪೂರ್ತಿ ಖಾಲಿ. ಎರರ್ ಕೂಡ ಇಲ್ಲ. ಆದರೆ ಇಸ್ರೋದ ಕಾರ್ಟೋಸ್ಯಾಟ್-3 ಉಪಗ್ರಹ ಹಾಕಿದರೆ ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸಲ ಬರುತ್ತದೆ!
– ಓದುಗರು, ಮೈಸೂರು

ಉತ್ತರ: ಊರಿನ ಅಕ್ಷಾಂಶ, ರೇಖಾಂಶ ಕೊಡುವ ಲ್ಯಾಟ್‌ಲಾನ್ ಸಾಲು ಹೇಗೆ ಬರೆದಿದ್ದೀರಿ? 76.64, 12.30 ಅಂತ ತಾನೇ? ಅಕ್ಷಾಂಶ ಮೊದಲು ಬರಬೇಕು. ಈಗ ನಿಮ್ಮ ಮೈಸೂರು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕ ಸಮುದ್ರದಲ್ಲಿದೆ. ಆ ಜಾಗವೂ ಭೂಮಿ ಮೇಲೆ ಇರುವುದರಿಂದ ಪೈಥಾನ್ ಯಾಕೆ ತಕರಾರು ಮಾಡುತ್ತದೆ? ಐಎಸ್‌ಎಸ್ ಕಕ್ಷೆಯ ಓರೆ 51.6 ಡಿಗ್ರಿ, ಅಷ್ಟು ಅಕ್ಷಾಂಶದಿಂದ ಆಚೆ ಅದು ಹೋಗುವುದೇ ಇಲ್ಲ. ಸುಮಾರು 420 ಕಿ.ಮೀ. ಎತ್ತರದಲ್ಲಿ ಇರೋದರಿಂದ ಇನ್ನೊಂದು 20 ಡಿಗ್ರಿ ದೂರದವರಿಗೆ ದಿಗಂತದಲ್ಲಿ ಕಂಡೀತು, 76ಕ್ಕೆ ಆಗದ ಮಾತು. ಕಾರ್ಟೋಸ್ಯಾಟ್-3 ಧ್ರುವಗಳ ಹತ್ತಿರ ಹಾಯುವ ಉಪಗ್ರಹ, ಅಲ್ಲಿಗೆ ಹೆಚ್ಚುಕಡಿಮೆ ಪ್ರತಿ ಸುತ್ತಿಗೂ ಬರುತ್ತದೆ. ಎರಡೂ ಅಂಕಿ ಅದಲುಬದಲು ಮಾಡಿ, ಮೈಸೂರಿಗೆ ವಾಪಸ್ ಬರುತ್ತೀರಿ.

ಪ್ರಶ್ನೆ: ಇದೇ ಥರದ ಇನ್ನೊಂದು ಲೈಬ್ರರಿ ಪೈಎಫೆಮ್‌ನಲ್ಲಿ, ಎತ್ತರ 10 ಡಿಗ್ರಿ ದಾಟಿದೆಯಾ ನೋಡಲು ‘ಆಲ್ಟ್ > 10’ ಅಂತ ಹಾಕಿದ್ದೇನೆ, ಒಮ್ಮೆಯೂ ನಿಜವಾಗುತ್ತಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಆಗುವುದೂ ಇಲ್ಲ. ಅಲ್ಲಿ ಕೋನ ಡಿಗ್ರಿಯಲ್ಲಲ್ಲ, ರೇಡಿಯನ್ ಅನ್ನುವ ಅಳತೆಯಲ್ಲಿ ಇರುತ್ತದೆ, ನೆತ್ತಿ ಮೇಲೆ (90 ಡಿಗ್ರಿ) ಬಂದರೂ 1.57 ಅಷ್ಟೇ. ಊರಿನ ಅಕ್ಷಾಂಶವನ್ನೂ ಕೋಟ್ಸ್ ಒಳಗೆ ಸ್ಟ್ರಿಂಗ್ ಆಗಿ ಕೊಡಿ, ಬರೀ ಅಂಕಿ ಕೊಟ್ಟರೆ ಅದನ್ನೂ ರೇಡಿಯನ್ ಅಂತಲೇ ಓದಿಕೊಳ್ಳುತ್ತದೆ.